ನೋವಿನ ಗುಳಿಗೆ, ಫರ್ಸಿಯ ಕೂಲಿ

ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸುತ್ತಿನ ಸುಣ್ಣದಕಲ್ಲು ಪದರ ಪದರವಾಗಿ ಏಳುತ್ತದೆ. ಹಾಗೆ ಎದ್ದ ಫರ್ಸಿ ಎಷ್ಟೋ ಊರುಗಳ ಮನೆಗಳಿಗೆ ನೆಲವಾಗಿದೆ. ಖಣಿಯಲ್ಲಿ ಅದನ್ನು ಎಬ್ಬಿಸುವವರು ಕುಕ್ಕರಗಾಲಲ್ಲಿ ಕೂತು ಉಳಿ ಹೊಡೆಯುತ್ತಾರೆ, ಬಾಗಿ ಎತ್ತುತ್ತಾರೆ, ಹೊತ್ತು ಲಾರಿಗೆ ಹೇರುತ್ತಾರೆ. ಇಂಥ ದುಡಿಮೆಯಲ್ಲಿ ಸೊಂಟ, ಮೊಣಕಾಲು ವರ್ಷಗಟ್ಟಲೆ ನೋಯುತ್ತವೆ. ನೋಯುವವರಿಗೆ ಗುಳಿಗೆಯೋ ಸೂಜಿಯೋ ಬೇಕಾಗುವುದು ನಾಳೆಯ ಕೂಲಿ ತಪ್ಪಬಾರದೆಂದು.

ಗುಳಿಗೆ ಕಡಿಮೆ ಮಾಡಿ ಎಂಬ ವೈದ್ಯರ ಸಲಹೆಯನ್ನು ಇಂಥ ಕಡೆಯೇ ತೂಗಿ ನೋಡಬೇಕು. ಸಲಹೆಯ ಬುಡ ಗಟ್ಟಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ, ಬೇರೆ ರೋಗದಿಂದ ಬಾರದ ದೀರ್ಘಕಾಲದ ಸೊಂಟನೋವಿಗೆ ವ್ಯಾಯಾಮ ಮತ್ತು ತಿಳಿವಳಿಕೆಯನ್ನು ಸೂಚಿಸಿ, ಅಫೀಮು ವರ್ಗದ ಔಷಧ ಬೇಡವೆಂದಿತು. ಡೈಕ್ಲೋಫೆನಾಕ್‌ನಂಥ ನೋವಿನ ಔಷಧ ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು, ರಕ್ತದೊತ್ತಡ ಏರಿಸಬಹುದು. ಕಲಬುರಗಿಯ ಬಿಸಿಲಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಮೂತ್ರಪಿಂಡದ ವಿಷಯ. ಬೆವರಿ ಮೈಯ ನೀರು ಇಳಿದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆ ನೋಡಿಕೊಳ್ಳುವುದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಈ ಗುಳಿಗೆಗಳು ತಡೆಯುವುದು ಅದನ್ನೇ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಸಾಲದೆ ದುಡಿಯುವವರಿಗೆ ಇದು ಬೇರೆಯವರಿಗಿಂತ ದೊಡ್ಡ ಅಪಾಯ.

ಇದೇ ಡೈಕ್ಲೋಫೆನಾಕ್ ಕೊಟ್ಟ ದನಗಳ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 2006ರಲ್ಲಿ ದನಗಳಿಗೆ ಇದನ್ನು ನಿಷೇಧಿಸಿದರು. ಮನುಷ್ಯರಿಗೆಂದು ಮಾಡಿದ ದೊಡ್ಡ ಬಾಟಲಿ ದನಗಳಿಗೆ ಬಳಕೆಯಾಗುತ್ತಿದ್ದುದರಿಂದ 2015ರಲ್ಲಿ ಅದರ ಚುಚ್ಚುಮದ್ದಿನ ಬಾಟಲಿಯನ್ನು 3 ಮಿಲಿಲೀಟರಿಗೆ ಇಳಿಸಿದರು. ರಣಹದ್ದುಗಳಿಗಾಗಿ ಮಾಡಿದ್ದು ಸರಿಯೇ. ಅಷ್ಟೇ ಕಾಳಜಿಯಿಂದ ಖಣಿ ಕಾರ್ಮಿಕರ ಮೂತ್ರಪಿಂಡವನ್ನೂ ಪರೀಕ್ಷಿಸಬೇಕು.

ಆದರೆ ವೈದ್ಯರ ಸಲಹೆ ಸೋಲುವುದು ಮುಂದಿನ ಹೆಜ್ಜೆಯಲ್ಲಿ. ದಿನವಿಡೀ ಕಲ್ಲು ಎತ್ತಿ ಬಂದವರಿಗೆ ವ್ಯಾಯಾಮ ಮಾಡಿ ಎಂದಷ್ಟೇ ಹೇಳಿದರೆ ಅದು ಅವರ ಕಿವಿಗೆ ಅವಮಾನದಂತೆ ಕೇಳುತ್ತದೆ. ಬೆನ್ನಿಗೆ ಬೇಕಾದ ಚಲನೆ ಬೇರೆ, ಬೆನ್ನು ಮುರಿಯುವ ಹೊರೆ ಬೇರೆ ಎಂದು ಕೂತು ತೋರಿಸುವ ಫಿಸಿಯೋಥೆರಪಿಸ್ಟ್ ಕೈಗೆಟಕುವ ದೂರದಲ್ಲಿರಬೇಕು. ಮೊಣಕಾಲು ಸವೆದಿದ್ದರೆ ನುಂಗುವ ಗುಳಿಗೆಗೆ ಮೊದಲು ಹಚ್ಚುವ ಜೆಲ್ ಕೊಡಬಹುದು. ಅಫೀಮು ವರ್ಗದ ಟ್ರಮಡಾಲ್ ಅಭ್ಯಾಸವಾದವರು ಅದನ್ನು ಒಮ್ಮೆಲೇ ಬಿಡಬಾರದು. ವೈದ್ಯರ ಕಣ್ಣಮುಂದೆ ಹಂತಹಂತವಾಗಿ ಇಳಿಸಬೇಕು. ಎಷ್ಟು ಬೇಗ ಬಿಟ್ಟರು ಎನ್ನುವುದು ಇಲ್ಲಿ ಅಳತೆಯಲ್ಲ.

ಸೂಜಿ ಕೇಳಿದ ಕೂಡಲೇ ಚುಚ್ಚುವ ರೂಢಿಯನ್ನೂ ನಾನು ಒಪ್ಪಲಾರೆ. ಆದರೆ ಸೂಜಿ ನಿಲ್ಲಿಸಿ ಹೊರೆಯನ್ನು ಹಾಗೇ ಬಿಟ್ಟರೆ, ನೋವೂ ಕೂಲಿ ನಷ್ಟವೂ ಕಾರ್ಮಿಕರ ತಲೆಗೇ ಬೀಳುತ್ತವೆ. ಎತ್ತಲು ಯಂತ್ರ, ನೆರಳು, ಕುಡಿಯುವ ನೀರು ಖಣಿ ನಡೆಸುವವರ ಹೊಣೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ನೋಡುವಾಗಲೇ ವಾರಕ್ಕೆ ಎಷ್ಟು ಗುಳಿಗೆ, ಯಾವುದು, ಯಾವ ಕೆಲಸದ ದಿನ ಎಂದು ಕೇಳಿ ಬರೆದುಕೊಳ್ಳಬೇಕು, ಅಗತ್ಯ ಕಂಡರೆ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಗೆ ಕಳಿಸಬೇಕು.