ಹದಿನಾಲ್ಕು ಜನರಿಗಾಗಿ ಸತ್ತ ನಾಲ್ವರು

ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್‌ನನ್ನೋ ಬಾಲಮಂಗಳದ ಡಿಂಗನನ್ನೋ ಓದಿ ಬೆಳೆದವರಿಗೆ ಒಂದು ವಿಷಯ ಪುಸ್ತಕ ತೆರೆಯುವ ಮೊದಲೇ ಗೊತ್ತಿರುತ್ತದೆ: ನಾಯಕ ಸಾಯುವುದಿಲ್ಲ. ಎಷ್ಟೇ ಪೆಟ್ಟು ಬೀಳಲಿ, ಮುಂದಿನ ಸಂಚಿಕೆಗೆ ಅವ ಹಾಜರ್. ಅಮೆರಿಕದ ಸೂಪರ್‌ಹೀರೋಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಆದರೆ 1968ರಲ್ಲಿ ಅಲ್ಲಿಯ ಡಿಸಿ ಕಾಮಿಕ್ಸ್ ತಂದ ಒಂದು ಸಂಚಿಕೆಯಲ್ಲಿ ತಂಡದ ನಾಲ್ವರೂ ಒಟ್ಟಿಗೇ ಸತ್ತುಹೋದರು. ಯಾರಿಗಾಗಿ ಅಂದರೆ, ಒಂದು ಮೀನುಗಾರರ ಹಳ್ಳಿಯ 14 ಜನರಿಗಾಗಿ. ತಂಡದ ಹೆಸರು ಡೂಮ್ ಪಟ್ರೋಲ್. ಬಂಕಿನಲ್ಲಿ ಸಿಗುವ ಪೆಟ್ರೋಲ್ ಅಲ್ಲ, ರಾತ್ರಿ ಪೊಲೀಸರು ಗಸ್ತು ತಿರುಗುತ್ತಾರಲ್ಲ, ಆ ಪಟ್ರೋಲ್. ಸಾವನ್ನು ಬೆನ್ನಿಗೆ ಕಟ್ಟಿಕೊಂಡ ಗಸ್ತು ಪಡೆ ಎನ್ನಬಹುದು.

ಇದು ಮೊದಲು ಬಂದದ್ದು 1963ರ ಜೂನ್‌ನಲ್ಲಿ, 'ಮೈ ಗ್ರೇಟೆಸ್ಟ್ ಅಡ್ವೆಂಚರ್' ಎಂಬ ಸಾಹಸಕಥೆಗಳ ಪತ್ರಿಕೆಯ 80ನೇ ಸಂಚಿಕೆಯಲ್ಲಿ. ಬರೆದವರು ಆರ್ನಾಲ್ಡ್ ಡ್ರೇಕ್, ಜೊತೆಗೆ ಬಾಬ್ ಹೇನಿ. ಚಿತ್ರ ಬರೆದವರು ಇಟಲಿಯಿಂದ ಬಂದು ಅರ್ಜೆಂಟೀನಾದಲ್ಲಿ ನೆಲೆಸಿದ ಬ್ರೂನೋ ಪ್ರೇಮಿಯಾನಿ. ಮರುವರ್ಷ 86ನೇ ಸಂಚಿಕೆಯಿಂದ ಪತ್ರಿಕೆಯ ಹೆಸರೇ 'ದ ಡೂಮ್ ಪಟ್ರೋಲ್' ಎಂದಾಯಿತು.

ತಂಡದವರನ್ನು ನೋಡಿ. ಕ್ಲಿಫ್ ಸ್ಟೀಲ್ ಕಾರು ರೇಸಿನವ. ಅಪಘಾತದಲ್ಲಿ ದೇಹ ನಜ್ಜುಗುಜ್ಜಾಗಿ ಮಿದುಳು ಮಾತ್ರ ಉಳಿಯಿತು, ಅದನ್ನು ಲೋಹದ ಮೈಯೊಳಗೆ ಇಟ್ಟರು. ಲ್ಯಾರಿ ಟ್ರೇನರ್ ವಿಮಾನ ಹಾರಿಸುವವ. ವಿಕಿರಣ ತಾಗಿ ಮೈಯೇ ವಿಷವಾಗಿದೆ, ತಲೆಯಿಂದ ಕಾಲಿನವರೆಗೆ ಬ್ಯಾಂಡೇಜು. ಅವನೊಳಗಿಂದ ಕಪ್ಪು ನೆರಳಿನಂಥ ಒಂದು ಶಕ್ತಿ ಹೊರಟು ಹಾರುತ್ತದೆ, ಆದರೆ 60 ಸೆಕೆಂಡಿನೊಳಗೆ ವಾಪಸು ಬರದಿದ್ದರೆ ಇವನ ಪ್ರಾಣ ಹೋಯಿತು. ರೀಟಾ ಫಾರ್ ಸಿನಿಮಾ ನಟಿ. ಚಿತ್ರೀಕರಣಕ್ಕೆ ಹೋದಲ್ಲಿ ನೆಲದೊಳಗಿನ ಹೊಗೆ ಕುಡಿದು ಬೆಟ್ಟದಷ್ಟು ಬೆಳೆಯುವ, ಇರುವೆಯಷ್ಟು ಕುಗ್ಗುವ ಮೈ ಬಂತು. ಇವರನ್ನು ಒಟ್ಟುಗೂಡಿಸಿದ ನೈಲ್ಸ್ ಕಾಲ್ಡರ್ ಗಾಲಿಕುರ್ಚಿಯಲ್ಲಿ ಕುಳಿತ ವಿಜ್ಞಾನಿ, ಎಲ್ಲರ ಬಾಯಲ್ಲಿ 'ಚೀಫ್'.

ಇವರ ಶಕ್ತಿ ವರವಾಗಿ ಬಂದದ್ದಲ್ಲ, ಅಪಘಾತ ಮುಗಿದ ಮೇಲೆ ಕೈಯಲ್ಲಿ ಉಳಿದದ್ದು. ಬೀದಿಗೆ ಇಳಿದರೆ ಜನ ದುರುಗುಟ್ಟಿ ನೋಡುತ್ತಾರೆ. ಕ್ಲಿಫ್ ಮತ್ತು ಲ್ಯಾರಿ ಒಬ್ಬರನ್ನೊಬ್ಬರು ಕೆಣಕುತ್ತಲೇ ಇರುತ್ತಾರೆ. ಕ್ಲಿಫ್‌ನ ಕೈಕಾಲು ಕಿತ್ತುಹೋಗದ ಸಂಚಿಕೆ ಹುಡುಕಬೇಕು. ಎದುರಾಳಿಗಳೂ ವಿಚಿತ್ರವೇ: ಗಾಜಿನ ಪಾತ್ರೆಯೊಳಗೆ ಬದುಕಿರುವ ಒಂದು ಮಿದುಳು, ಅದರ ಸೇವೆಗೆ ಬುದ್ಧಿವಂತ ಗೊರಿಲ್ಲಾ. ಹೇಳಿದರೆ ನಗು ಬರುತ್ತದೆ. ಪ್ರೇಮಿಯಾನಿಯ ಗೆರೆ ಅದನ್ನು ನಂಬಿಸುತ್ತದೆ. ಅವರು ಮುಖಗಳನ್ನು ನಮ್ಮ ನಿಮ್ಮ ಮುಖದ ಹಾಗೆ, ಆಯಾಸ ಬೇಸರ ಸಮೇತ ಬರೆಯುತ್ತಾರೆ. ಹಾಗಾಗಿ ಪಕ್ಕದಲ್ಲಿ ಗೊರಿಲ್ಲಾ ನಿಂತರೂ ನಡೆಯುತ್ತದೆ. ಎಲ್ಲ ಸಂಚಿಕೆಯೂ ಹೀಗೆ ಒಳ್ಳೆಯದು ಅಂತ ಹೇಳುವ ಹಾಗಿಲ್ಲ. ರೀಟಾಳನ್ನು ಮದುವೆಯಾಗಲು ಹೊರಟ ಸಿರಿವಂತ ಸ್ಟೀವ್ ಡೇಟನ್‌ನ ಪ್ರಸಂಗ ಎಳೆದು ಎಳೆದು ಸಾಕಾಗುತ್ತದೆ ಮಾರಾಯ್ರೆ.

ಇದೇ 1963ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್ ಕಂಪೆನಿಯ 'ಎಕ್ಸ್-ಮೆನ್' ಬಂತು. ಅಲ್ಲಿಯೂ ಜನ ಹೆದರುವ ವಿಚಿತ್ರ ವೀರರು, ಅಲ್ಲಿಯೂ ಗಾಲಿಕುರ್ಚಿಯ ಗುರು. ಯಾರು ಯಾರನ್ನು ನೋಡಿ ಬರೆದರು ಎಂಬ ಚರ್ಚೆ ಇಂದಿಗೂ ಉಂಟು. ಮೂರೇ ತಿಂಗಳ ಅಂತರ, ನನಗೆ ಆ ಚರ್ಚೆಯಲ್ಲಿ ರುಚಿ ಇಲ್ಲ.

ಐದು ವರ್ಷದಲ್ಲಿ ಮಾರಾಟ ಬಿತ್ತು, ಪತ್ರಿಕೆ ನಿಲ್ಲಿಸುವುದೆಂದು ತೀರ್ಮಾನವಾಯಿತು. 1968ರ ಸೆಪ್ಟೆಂಬರ್-ಅಕ್ಟೋಬರ್‌ನ 121ನೇ ಸಂಚಿಕೆಯೇ ಕೊನೆಯದು. ಹೀಗೆ ನಿಂತುಹೋಗುವ ಪತ್ರಿಕೆಗಳು ಸಾಮಾನ್ಯವಾಗಿ ಸದ್ದಿಲ್ಲದೆ ನಿಲ್ಲುತ್ತವೆ. ಡ್ರೇಕ್ ಹಾಗೆ ಬಿಡಲಿಲ್ಲ. ಜಾಲ್ ಎಂಬ ಹಳೆಯ ನಾಜಿ ಅಧಿಕಾರಿ ನಾಲ್ವರನ್ನೂ ಒಂದು ದ್ವೀಪದಲ್ಲಿ ಸಿಕ್ಕಿಸಿ ಹಾಕುತ್ತಾನೆ. ದೂರದ ಮೇಯ್ನ್ ರಾಜ್ಯದಲ್ಲಿ ಕಾಡ್ಸ್‌ವಿಲ್ ಎಂಬ ಹಳ್ಳಿ. ಕಾಡ್ ಎಂದರೆ ಒಂದು ಮೀನು. ನಮ್ಮಲ್ಲಾದರೆ ಊರಿಗೆ ಬಂಗುಡೆಪೇಟೆ ಎಂದು ಹೆಸರಿಟ್ಟ ಹಾಗೆ. ಅಲ್ಲಿರುವುದು 14 ಜನ. ಆ ಹಳ್ಳಿ ಸಿಡಿಯಬೇಕೋ, ನೀವು ಸಿಡಿಯಬೇಕೋ, ಆರಿಸಿಕೊಳ್ಳಿ ಎನ್ನುತ್ತಾನೆ ಜಾಲ್. ಇಂಥ ವೀರರು ಗುರುತು ಪರಿಚಯವಿಲ್ಲದ ಬೆರಳೆಣಿಕೆಯ ಜನರಿಗಾಗಿ ಸಾಯಲಾರರು ಎಂಬುದು ಅವನ ಲೆಕ್ಕ. ನಾಲ್ವರೂ ತಮ್ಮ ಸಾವನ್ನೇ ಆರಿಸಿಕೊಳ್ಳುತ್ತಾರೆ. ದ್ವೀಪ ಸಿಡಿಯುತ್ತದೆ.

ಡ್ರೇಕ್ ಒಂದು ಮಹಾನಗರವನ್ನು ಇಡಬಹುದಿತ್ತು, ಇಡೀ ಭೂಮಿಯನ್ನೇ ಪಣಕ್ಕಿಡಬಹುದಿತ್ತು. ಬೇರೆ ಕಾಮಿಕ್ಸ್‌ನಲ್ಲಿ ದಿನಾ ಅದೇ ಅಲ್ವಾ? ಅವರು ಸಂಖ್ಯೆಯನ್ನು ಬೇಕೆಂದೇ ಕಿರಿದಾಗಿಸಿದರು. ಓದುಗರು ಕಡಿಮೆ ಎಂದು ಪತ್ರಿಕೆಯನ್ನು ಮುಚ್ಚುತ್ತಿದ್ದಾಗ, ಜನ ಕಡಿಮೆ ಎಂದು ಬಿಟ್ಟುಕೊಡದವರ ಕಥೆ ಬರೆದರು. ಮಕ್ಕಳು ಸಾಲದು ಎಂದು ಶಾಲೆ ಮುಚ್ಚುವ ಮಾತು ಕೇಳಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಂಚಿಕೆಯ ಆರಂಭದಲ್ಲೂ ಕೊನೆಯಲ್ಲೂ ಚಿತ್ರದೊಳಗೆ ಪ್ರೇಮಿಯಾನಿ ಮತ್ತು ಸಂಪಾದಕ ಮರ್ರಿ ಬೋಲ್ಟಿನಾಫ್ ಬಂದು ಓದುಗರ ಹತ್ತಿರ ಮಾತಾಡುತ್ತಾರೆ. ಇವರು ಮತ್ತೆ ಬದುಕುವುದು ನಿಮ್ಮ ಕೈಯಲ್ಲಿದೆ ಅಂತ. ಡ್ರೇಕ್ ಬರೆದಾಗ ಆ ಜಾಗದಲ್ಲಿ ಇದ್ದದ್ದು ಸಂಪಾದಕರಲ್ಲ, ಸ್ವತಃ ಡ್ರೇಕ್. ಆ ದಿನಗಳಲ್ಲಿ ಡಿಸಿಯ ಹಿರಿಯ ಬರಹಗಾರರು ಹೆಚ್ಚಿನ ಸಂಭಾವನೆ, ಆರೋಗ್ಯ ವಿಮೆ ಕೇಳಿದ್ದರು, ಸಿಗಲಿಲ್ಲ. ಹಣದ ವಿಷಯಕ್ಕೆ ಮನಸ್ತಾಪವಾಗಿ ಡ್ರೇಕ್ ಮಾರ್ವೆಲ್‌ಗೆ ಹೋದರು. ಕೊನೆಯ ಕಥೆಯನ್ನು ಮಾತ್ರ ಬೋಲ್ಟಿನಾಫ್ ಮೇಲಿನ ಸ್ನೇಹಕ್ಕೆ ಮುಗಿಸಿಕೊಟ್ಟರು. ಚಿತ್ರದಲ್ಲಿ ಅವರ ಮುಖ ಹೋಗಿ ಸಂಪಾದಕರ ಮುಖ ಬಂತು. ಮಾರ್ವೆಲ್‌ನಲ್ಲಿ ಅವರಿಗೆ ಸಿಕ್ಕಿದ ಕೆಲಸಗಳಲ್ಲಿ ಒಂದು, ಅದೇ ಎಕ್ಸ್-ಮೆನ್ ಬರೆಯುವುದು!

ಸತ್ತವರನ್ನು ಬದುಕಿಸುವ ಕೆಲಸ 1977ರಲ್ಲಿ ಶುರುವಾಯಿತು. ಯಕ್ಷಗಾನ ನೋಡುವ ನಮಗೆ ಇದರಲ್ಲೇನು ತಪ್ಪು ಅನ್ನಿಸಬಹುದು. ಇವತ್ತು ರಾತ್ರಿ ಸತ್ತ ಕರ್ಣ ನಾಳೆ ಇನ್ನೊಂದೂರಿನ ಗದ್ದೆಯಲ್ಲಿ ಬರುವುದಿಲ್ಲವೇ? ಬರುತ್ತಾನೆ, ಆದರೆ ಮತ್ತೆ ಸಾಯಲು ಬರುತ್ತಾನೆ. ಪ್ರಸಂಗ ಮೊದಲಿನಿಂದ ಶುರು. ಮಂಗಳ ಹಾಡಿದ ಮೇಲೆ ಕರ್ಣ ಚೌಕಿಯಿಂದ ಎದ್ದು ಬಂದು, ನಾನು ಸತ್ತದ್ದೇ ಅಲ್ಲ, ಮುಂದಿನ ಕಥೆ ಕೇಳಿ ಎಂದರೆ ಹೇಗಾದೀತು? ಕಾಮಿಕ್ಸ್‌ನಲ್ಲಿ ನಡೆಯುವುದು ಈ ಎರಡನೆಯದು.

1977ರಲ್ಲಿ ಪಾಲ್ ಕುಪರ್‌ಬರ್ಗ್ ಬರೆದದ್ದರಲ್ಲಿ ಕ್ಲಿಫ್ ಒಬ್ಬನೇ ಉಳಿದಿದ್ದ. ಹೊಸಬರಲ್ಲಿ ಅರಾನಿ ಎಂಬ ಭಾರತೀಯ ಹೆಂಗಸೂ ಇದ್ದಳು. ಬಿಸಿ ಮತ್ತು ತಂಪು ಅವಳ ಶಕ್ತಿ, ಚೀಫ್‌ನ ಹೆಂಡತಿ ತಾನು ಎನ್ನುತ್ತಾಳೆ. ಒಳ್ಳೆಯ ಪಾತ್ರವಾಗಬಹುದಿತ್ತು, ಅವಳಿಗೆ ಕೊಟ್ಟ ಕಥೆ ಸಾಲದು. ಕುಪರ್‌ಬರ್ಗ್ 1987ರಲ್ಲಿ ಮತ್ತೊಮ್ಮೆ ಆರಂಭಿಸಿದರು, ಚೀಫ್ ಮತ್ತು ಲ್ಯಾರಿಯೂ ಬದುಕಿ ಬಂದರು. ಓದದಿದ್ದರೂ ನಷ್ಟವಿಲ್ಲ.

1989ರಲ್ಲಿ 19ನೇ ಸಂಚಿಕೆಯಿಂದ ಗ್ರಾಂಟ್ ಮಾರಿಸನ್ ಬಂದರು, ಚಿತ್ರ ರಿಚರ್ಡ್ ಕೇಸ್. ಸತ್ತವರು ಬದುಕಿ ಬಂದದ್ದನ್ನು ಅವರು ಸಂಭ್ರಮವಾಗಿ ತೋರಿಸಲಿಲ್ಲ. ಕ್ಲಿಫ್ ಮಾನಸಿಕ ಆಸ್ಪತ್ರೆಯಲ್ಲಿದ್ದಾನೆ. ಮೈಯಿಲ್ಲದೆ ಬದುಕುವುದು ಹೇಗೆ ಎಂಬುದೇ ಅವನ ಸಂಕಟ. ಅಲ್ಲಿ ಸಿಗುವ ಜೇನ್ ಎಂಬವಳೊಳಗೆ 64 ವ್ಯಕ್ತಿತ್ವಗಳು. ಬಾಲ್ಯದಲ್ಲಿ ಅನುಭವಿಸಿದ ಹಿಂಸೆ ಅವಳನ್ನು ಅಷ್ಟು ಚೂರು ಮಾಡಿದೆ. 1992ರ ಹೊತ್ತಿಗೆ ಬಂದ ತಿರುವು ನನಗೆ ಈ ಇಡೀ ಇತಿಹಾಸದಲ್ಲೇ ದೊಡ್ಡದು: ಆ ಮೊದಲ ಅಪಘಾತಗಳನ್ನೆಲ್ಲ ಮಾಡಿಸಿದ್ದು ಚೀಫ್! 1963ರ ಕಥೆ ಹಾಗೇ ಉಳಿಯುತ್ತದೆ, ಒಂದು ಸಾಲೂ ಅಳಿಯುವುದಿಲ್ಲ. ಆದರೂ ಗಾಲಿಕುರ್ಚಿಯ ಆ ತಂದೆಯಂಥ ಮನುಷ್ಯ ಇನ್ನೊಬ್ಬನಾಗಿ ಕಾಣುತ್ತಾನೆ. ರೀಟಾಳನ್ನು ಮಾರಿಸನ್ ಬದುಕಿಸಲಿಲ್ಲ. ನಾಲ್ವರಲ್ಲಿ ಒಬ್ಬಳಾದರೂ ಕಾಡ್ಸ್‌ವಿಲ್‌ಗಾಗಿ ಸತ್ತವಳಾಗಿಯೇ ಉಳಿದಳು.

ಮುಂದೆ ರೇಚಲ್ ಪೊಲಾಕ್ 1995ರವರೆಗೆ ನಡೆಸಿದರು. 2004ರಲ್ಲಿ ಜಾನ್ ಬರ್ನ್ ಹಿಂದಿನದೆಲ್ಲ ನಡೆದೇ ಇಲ್ಲವೆಂಬಂತೆ ಹೊಸದಾಗಿ ಶುರು ಮಾಡಿದರು. ರೀಟಾ ಮೊದಲಿನಂತೆ ನಗುತ್ತ ಬಂದಳು. ಚಿತ್ರ ಅಚ್ಚುಕಟ್ಟು, ಆದರೆ ಆ 14 ಜನರ ಲೆಕ್ಕ ಪುಸ್ತಕದಿಂದಲೇ ಹೊರಟುಹೋಯಿತು. ಅದಕ್ಕೆ ನನ್ನ ತಕರಾರು ಇದೆ. 2019ರಿಂದ 2023ರವರೆಗೆ ಬಂದ ಟಿವಿ ಸರಣಿ ಬಹಳಷ್ಟು ಸಾಲ ಪಡೆದದ್ದು ಮಾರಿಸನ್ ಅವರಿಂದ.

ಮಾಸ್ಟ್ರುಗಳಿಗೆ ಒಂದು ಮಾತು: ಮಾರಿಸನ್ ಅವರದು ದೊಡ್ಡವರ ಪುಸ್ತಕ, ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಡ್ರೇಕ್ ಬರೆದ ಹಳೆಯ ಸಂಚಿಕೆಗಳನ್ನು ಎಂಟನೇ ತರಗತಿಯ ಮಕ್ಕಳಿಗೆ ಧಾರಾಳವಾಗಿ ಕೊಡಬಹುದು. 121ನೆಯದನ್ನು ಮೊದಲೇ ತೋರಿಸಬೇಡಿ. ನಾಲ್ವರ ಜಗಳ, ತಮಾಷೆ ಎಲ್ಲ ಸ್ವಲ್ಪ ರೂಢಿಯಾಗಲಿ, ಆಮೇಲೆ ಓದಲಿ.