ಕಂಬದಿಂದ ಕಂಬಕ್ಕೆ ಕೇಬಲ್

ಹನೂರು ತಾಲ್ಲೂಕಿನ ರಾಮಾಪುರದಂಥ ಊರಲ್ಲಿ ಕೇಬಲ್ ಟಿವಿಯ ಗುಣ ಅಳೆಯಬೇಕಾದರೆ ಬೀದಿಗೆ ಬಂದು ತಲೆ ಎತ್ತಬೇಕು. ಕರೆಂಟ್ ಕಂಬಕ್ಕೆ ಬಿಗಿದ ಕಪ್ಪು ವೈರು, ಮಿಕ್ಕಿದ್ದನ್ನು ಸುತ್ತಿ ನೇತುಹಾಕಿದ ಸಿಂಬೆ, ಜಾಯಿಂಟಿನ ಮೇಲೆ ಇನ್ಸುಲೇಷನ್ ಟೇಪು. ಮನೆಯೊಳಗೆ ಚಿತ್ರ ಚೌಕಚೌಕವಾಗಿ ಒಡೆಯುವ ಕಾಯಿಲೆಯ ಮೂಲ ಹೆಚ್ಚಾಗಿ ಆ ಟೇಪಿನ ಅಡಿಯಲ್ಲೇ ಇರುತ್ತದೆ.

ನಮ್ಮ ಹಳ್ಳಿಗಳ ಕೇಬಲ್ ಜಾಲ ನಕ್ಷೆ ಹಾಕಿ ಎಳೆದದ್ದಲ್ಲ. ಒಂದು ಬೀದಿಗೆ ಬಂತು, ಪಕ್ಕದ ಬೀದಿಯವರು ಕೇಳಿದರು, ಅಲ್ಲೇ ಸ್ಪ್ಲಿಟರ್ ಹಾಕಿ ಕೊಟ್ಟರು. ಲೆಕ್ಕ ತಪ್ಪುವುದು ಇಲ್ಲೇ. ಮನೆಗೆ ಎಳೆಯುವ ಆರ್‌ಜಿ-6 ಕೇಬಲ್ 100 ಮೀಟರ್ ಹೋಗುವಷ್ಟರಲ್ಲಿ ಮೇಲಿನ ಆವರ್ತನಗಳಲ್ಲಿ ಸುಮಾರು 20 ಡೆಸಿಬಲ್ ನುಂಗುತ್ತದೆ. ಅಂದರೆ ಉಳಿಯುವುದು ನೂರರಲ್ಲಿ ಒಂದು ಪಾಲು. ಕೆಳಗಿನ ಆವರ್ತನಗಳಲ್ಲಿ ನಷ್ಟ ತೀರಾ ಕಡಿಮೆ. ಎರಡು ದಾರಿಯ ಸ್ಪ್ಲಿಟರ್ ಒಂದೊಂದೂ ಮೂರೂವರೆ ಡೆಸಿಬಲ್ ಕಳೆಯುತ್ತದೆ. ಹಾಗಾಗಿ ಕೊನೇ ಮನೆಯಲ್ಲಿ ಕೆಲವು ಚಾನೆಲ್ ಸೊಗಸಾಗಿ ಬಂದರೆ ಕೆಲವು ಸುಳಿಯುವುದೇ ಇಲ್ಲ. ಆಂಪ್ಲಿಫೈಯರ್ ಹಾಕಿದರೆ ಆಯಿತು ಅನ್ನುವವರುಂಟು. ಅದು ಸಿಗ್ನಲ್ ಜೊತೆ ಗದ್ದಲವನ್ನೂ ಎತ್ತುತ್ತದೆ, ಮೇಲೆ ತನ್ನದಿಷ್ಟು ಸೇರಿಸುತ್ತದೆ.

ಹಳ್ಳಿಗಾಡಿನ ಕೇಬಲನ್ನು ಡಿಜಿಟಲ್ ಮಾಡಲು ಕೊಟ್ಟ ಕೊನೆಯ ಗಡುವು 2017ರ ಮಾರ್ಚ್ 31. ಅದಕ್ಕೆ ಮುಂಚೆ ಲೈನು ಕೆಡುತ್ತಿದೆ ಎಂದು ಪರದೆಯ ಚುಕ್ಕಿಗಳೇ ಹೇಳುತ್ತಿದ್ದವು. ಈಗ ಚಿತ್ರ ಕೊನೇ ಗಳಿಗೆವರೆಗೂ ಹೊಳೆದು ಏಕಾಏಕಿ ಚೌಕವಾಗಿ ಒಡೆದು ನಿಲ್ಲುತ್ತದೆ. ಟಿವಿ ನೋಡಿ ಲೈನು ಸರಿಯಿದೆ ಅನ್ನುವ ಹಳೇ ರೂಢಿ ಇನ್ನು ನಡೆಯದು, ಕೈಯಲ್ಲಿ ಸಿಗ್ನಲ್ ಮೀಟರ್ ಬೇಕು.

ಕಸುಬಿನ ಅಸಲು ಪರೀಕ್ಷೆ ಕನೆಕ್ಟರಿನಲ್ಲಿ. ಹೊರಸಿಪ್ಪೆ ಬಿಡಿಸಿ, ಹೆಣೆದ ಜಾಲರಿಯ ಒಂದೆಳೆಯೂ ಒಳತಂತಿಗೆ ತಾಗದಂತೆ ಹಿಂದಕ್ಕೆ ಮಡಚಿ, ಒತ್ತಿ ಕೂರಿಸಬೇಕು. ಮನೆಯೊಳಗೆ ನುಗ್ಗುವ ಮುಂಚೆ ವೈರನ್ನು ಒಂದಿಷ್ಟು ಕೆಳಕ್ಕೆ ಬಾಗಿಸಿದರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಎರಡು ನಿಮಿಷದ ಕೆಲಸ. ಮಾಡುವವರು ಕಡಿಮೆ.

ಹಾಗೆಂದು ಕೇಬಲ್‌ನವರನ್ನು ತಳ್ಳಿಹಾಕಲಾಗದು. ‘ಅಣ್ಣ, ಸೀರಿಯಲ್ ಟೈಮಿಗೇ ಹೋಯ್ತಲ್ಲ’ ಎಂದು ಫೋನ್ ಮಾಡಿದರೆ ಏಣಿ ಹೊತ್ತು ಬರುವವರು ಅವರೇ. ತಮಿಳೂ ಓಡಾಡುವ ಈ ಗಡಿಸೀಮೆಯಲ್ಲಿ ಯಾವ ಮನೆಗೆ ಯಾವ ಚಾನೆಲ್ ಬೇಕೆಂಬುದು ಅವರಿಗೆ ಬಾಯಿಪಾಠ. ಆದರೆ ಕರೆಂಟ್ ಕಂಬವನ್ನೇ ಆಸರೆ ಮಾಡಿಕೊಳ್ಳುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಮೇಲಿನ ತಂತಿ ಹರಿದು ಬಿದ್ದರೆ ಕೇಬಲ್ಲಿನ ಜಾಲರಿ ಅದರ ಕರೆಂಟನ್ನು ನೇರ ಟಿವಿಯ ತನಕ ಒಯ್ಯುತ್ತದೆ. ಅರ್ಥಿಂಗ್ ಇಲ್ಲದ ಆಂಪ್ಲಿಫೈಯರ್ ಡಬ್ಬಿಯೂ ಅಷ್ಟೇ ಅಪಾಯ.

ಫೈಬರ್ ಬಂದರೆ ಎಲ್ಲ ನೀಗುತ್ತದೆ ಅನ್ನುವುದು ಅರ್ಧ ಸತ್ಯ. ಗಾಜಿನ ಎಳೆಯಲ್ಲಿ ಕಿಲೋಮೀಟರಿಗೆ ಅರ್ಧ ಡೆಸಿಬಲ್ಲೂ ಹೋಗದು. ಫೈಬರಿನ ಸಿಗ್ನಲನ್ನು ಕೇಬಲ್ಲಿಗೆ ಇಳಿಸುವ ‘ನೋಡ್’ ಪೆಟ್ಟಿಗೆಯನ್ನು ಊರ ನಡುವೆ ಇಟ್ಟು ಬೀದಿಗೊಂದು ಗಿಡ್ಡ ಲೈನು ಎಳೆದರೆ ಲಾಭವುಂಟು. ಹಳೇ ಸ್ಪ್ಲಿಟರ್ ಸರಪಳಿಯನ್ನೇ ಅದಕ್ಕೆ ತಗುಲಿಸಿದರೆ ಇಲ್ಲ. ಊರಾಚೆಯ ಒಂಟಿ ತೋಟದ ಮನೆಗಂತೂ, ಮಳೆಗೆ ನಿಂತರೂ ಚಿಂತೆಯಿಲ್ಲ, ಡಿಶ್ಶೇ ಸರಿ.