ಹಿಮದ ಚಿತ್ರಗಳಲ್ಲಿ ಮನುಷ್ಯ ಎಲ್ಲಿ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದವರಿಗೆ ಒಂದು ಕಾಲಕ್ಕೆ ‘ಟ್ರಿಪ್’ ಎಂದರೆ ಪನ್ಹಾಳ, ಗೋಕಾಕ ಫಾಲ್ಸ್, ಹೆಚ್ಚೆಂದರೆ ಮಹಾಬಳೇಶ್ವರ. ಉಳಿದಂತೆ ಮನೆಬಿಟ್ಟು ಹೊರಡುವುದು ಜಾತ್ರೆಗೆ, ಉರುಸಿಗೆ, ಇಲ್ಲವೆ ಮದುವೆಗೆ. ಈಗ ಹಾಗಿಲ್ಲ. ಕಬ್ಬಿನ ಬಿಲ್ಲು ಕೈಗೆ ಬಂದು, ಮಕ್ಕಳ ಪರೀಕ್ಷೆ ಮುಗಿದು, ಏಪ್ರಿಲ್ ಬಿಸಿಲು ಏರುತ್ತಿದ್ದಂತೆ ಮೂರ್ನಾಲ್ಕು ಗೆಳೆಯರ ಕುಟುಂಬಗಳು ಕೂಡಿ ಕಾಶ್ಮೀರಕ್ಕೋ ಮನಾಲಿಗೋ ಹೊರಡುತ್ತವೆ. ಬೆಳಗಾವಿ, ಮಿರಜ ಮಾರ್ಗವಾಗಿ ಹಜರತ್ ನಿಜಾಮುದ್ದೀನ್‌ಗೆ ರೈಲಿದೆ. ಅಡುಗೆಯವರನ್ನೂ ಜೊತೆಗೇ ಒಯ್ಯುವ ಟೂರ್ ಕಂಪನಿಗಳಿವೆ. ಬ್ಯಾಗಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದೇ ಇರುತ್ತದೆ. ಹೋದವರಲ್ಲಿ ಮಾಸ್ತರರು, ಡಾಕ್ಟರರು, ಹೊಲದವರು, ಅಂಗಡಿಯವರು, ಎಲ್ಲ ಜಾತಿ-ಧರ್ಮದವರೂ ಇದ್ದಾರೆ. ಹುಟ್ಟಿದಂದಿನಿಂದ ಬಿಸಿಲು ಕಂಡ ಮಗುವೊಂದು ಮೊದಲ ಸಲ ಹಿಮ ಮುಟ್ಟಿ ಕಿರುಚುವುದನ್ನು ನೋಡುವುದು ಯಾವ ತಂದೆತಾಯಿಗೂ ಸಂತೋಷವೇ. ಅದರಲ್ಲಿ ಟೀಕಿಸುವಂಥದ್ದು ಏನೂ ಇಲ್ಲ.

ನಾವಿಲ್ಲಿ ಎತ್ತಿಕೊಂಡಿರುವುದು ಮರಳಿ ಬಂದವರು ಹೇಳುವ ಕಥೆಯನ್ನು. ಈ ಕಥೆ ಈಗ ಮೂರು ರೂಪಗಳಲ್ಲಿ ನಮಗೆ ಸಿಗುತ್ತದೆ: ಭಾನುವಾರದ ಪುರವಣಿಗಳ ಪ್ರವಾಸ ಲೇಖನ, ಮೊಬೈಲಿನಲ್ಲಿ ತೆಗೆದು ಹಂಚುವ ವಿಡಿಯೊ, ಮನೆಗೆ ಬಂದವರ ಮುಂದೆ ಬಾಯಲ್ಲಿ ಹೇಳುವ ವರ್ಣನೆ. ರೂಪ ಬೇರೆಯಾದರೂ ಒಳಗಿನ ಹೂರಣ ಒಂದೇ. ವಿಮಾನ ಅಥವಾ ರೈಲಿನ ವಿವರ, ಹೋಟೆಲಿನ ಹೀಟರ್, ಎಷ್ಟು ಡಿಗ್ರಿ ಚಳಿ, ಬಾಡಿಗೆಯ ಕೋಟು ಮತ್ತು ಗಮ್‌ಬೂಟು, ಹಿಮದ ಉಂಡೆ ಎಸೆದಾಟ, ಕುದುರೆಯವನೊಂದಿಗಿನ ಚೌಕಾಸಿ, ಕೊನೆಗೆ ‘ಭೂಮಿಯ ಮೇಲಿನ ಸ್ವರ್ಗ’ ಎಂಬ ಉದ್ಗಾರ. ಗುಲ್ಮಾರ್ಗದ ಬದಲು ಸೋಲಂಗ್ ಎಂದು ತಿದ್ದಿದರೂ ಲೇಖನದ ಒಂದು ವಾಕ್ಯವನ್ನೂ ಬದಲಿಸಬೇಕಾಗಿಲ್ಲ. ಅಲ್ಲಿ ವಾಸಿಸುವ ಒಬ್ಬ ಮನುಷ್ಯನ ಹೆಸರೂ ಇಡೀ ಕಥೆಯಲ್ಲಿ ಬರುವುದಿಲ್ಲ.

ಇದನ್ನು ಆ ಕುಟುಂಬಗಳ ಅಸಡ್ಡೆ ಎಂದು ಹೇಳಿ ಮುಗಿಸಿದರೆ ಅನ್ಯಾಯವಾದೀತು. ಹಿಮವನ್ನು ಹೀಗೆ ನೋಡಬೇಕೆಂದು ಅವರಿಗೆ ಕಲಿಸಿದ್ದು ಸಿನಿಮಾ. 1965ರ ‘ಜಬ್ ಜಬ್ ಫೂಲ್ ಖಿಲೆ’ ನೆನಪಿಸಿಕೊಳ್ಳಿ. ಅದರ ನಾಯಕ ಶ್ರೀನಗರದ ಹೌಸ್‌ಬೋಟಿನವನು. ಮುಂಬಯಿಯಿಂದ ಬಂದ ಸಿರಿವಂತ ಹುಡುಗಿಯನ್ನು ಪ್ರೀತಿಸುತ್ತಾನೆ, ಆಕೆಯ ಊರಿಗೆ ಹೋಗಿ ಅಲ್ಲಿನವರ ನಡುವೆ ಅವಮಾನ ಪಡುತ್ತಾನೆ. ಸಿನಿಮಾ ಪೂರ್ತಿ ರಮ್ಯವೇ. ಆದರೂ ಅತಿಥಿಯ ಊರಿನಲ್ಲಿ ಆತಿಥೇಯನ ಪಾಡೇನು ಎಂಬ ಪ್ರಶ್ನೆ ಅದರಲ್ಲಿತ್ತು. ಅವನಿಗೊಂದು ಹೆಸರಿತ್ತು, ಸಿಟ್ಟಿತ್ತು, ಸ್ವಾಭಿಮಾನವಿತ್ತು.

1992ರ ‘ರೋಜಾ’ ಹೊತ್ತಿಗೆ ಚಿತ್ರ ಬದಲಾಯಿತು. ತಮಿಳುನಾಡಿನ ಹಳ್ಳಿಯ ನವವಧು ಗಂಡನೊಂದಿಗೆ ಕಾಶ್ಮೀರಕ್ಕೆ ಬಂದು ಮೊದಲ ಬಾರಿ ಹಿಮ ನೋಡುತ್ತಾಳೆ. ನಮ್ಮ ಇಂದಿನ ಎಳೆಯ ಕುಟುಂಬಗಳ ಪ್ರವಾಸದ ಮೂಲ ಚಿತ್ರ ಇದೇ. ಆದರೆ ಆ ಹಿಮದ ಹಿಂದೆ ಬಂದೂಕು ಅಡಗಿದೆ. ಅಪಹರಣಕಾರರ ಮನೆಯ ಹುಡುಗಿಯ ಮರುಕವೊಂದನ್ನು ಬಿಟ್ಟರೆ, ಫಿರನ್ ತೊಟ್ಟವನು ಈ ಸಿನಿಮಾದಲ್ಲಿ ಸಂಶಯದ ವ್ಯಕ್ತಿ. ಕಣಿವೆಯ ಅಂದಿನ ಪರಿಸ್ಥಿತಿಯಿಂದಾಗಿ ಅಲ್ಲಿ ಚಿತ್ರೀಕರಣ ಸಾಧ್ಯವಾಗದೆ, ಮನಾಲಿಯ ಹಿಮವನ್ನೇ ಕಾಶ್ಮೀರವೆಂದು ತೋರಿಸಲಾಯಿತು. 2013ರ ‘ಯೆ ಜವಾನಿ ಹೈ ದಿವಾನಿ’ಯಲ್ಲಿ ಗೆಳೆಯರ ಗುಂಪು ಮನಾಲಿಗೆ ಚಾರಣ ಹೋಗುತ್ತದೆ. ಆ ಚಾರಣದ ಹಿಮದ ದೃಶ್ಯಗಳಿಗೆ ಗುಲ್ಮಾರ್ಗವನ್ನು ಬಳಸಿದರು. ಅಂದರೆ ಒಂದು ಸಿನಿಮಾದಲ್ಲಿ ಮನಾಲಿ ಕಾಶ್ಮೀರವಾಯಿತು, ಇನ್ನೊಂದರಲ್ಲಿ ಕಾಶ್ಮೀರ ಮನಾಲಿಯಾಯಿತು. ಪ್ರೇಕ್ಷಕರಾದ ನಮಗೆ ವ್ಯತ್ಯಾಸ ತಿಳಿಯಲೇ ಇಲ್ಲ. ಯಾಕೆಂದರೆ ನಾವು ನೋಡುತ್ತಿದ್ದುದು ಬಿಳಿಯ ಪರದೆಯನ್ನು, ಊರನ್ನು ಅಲ್ಲ. ಇದಕ್ಕೆ ಹೋಲಿಸಿದರೆ ಕನ್ನಡದ ‘ಮುತ್ತಿನ ಹಾರ’ (1990) ಹೆಚ್ಚು ಪ್ರಾಮಾಣಿಕ. ಕೊಡಗಿನ ಸೈನಿಕನಿಗೆ ಹಿಮ ಎನ್ನುವುದು ದುಡಿಮೆಯ ಜಾಗ, ನೋವಿನ ಜಾಗ.

ಗುಲ್ಮಾರ್ಗದಲ್ಲಿ ಮರದ ಸ್ಲೆಜ್ ಎಳೆಯುವವರಿದ್ದಾರೆ. ಸುತ್ತಲಿನ ಹಳ್ಳಿಗಳಿಂದ ಬರುವ ಈ ಆಳುಗಳು ಪ್ರವಾಸಿಯನ್ನು ಹಲಗೆಯ ಮೇಲೆ ಕೂರಿಸಿ, ಹಗ್ಗವನ್ನು ಹಿಡಿದು ಏರಿನ ಮೇಲೆ ಎಳೆದೊಯ್ಯುತ್ತಾರೆ. ಇಳಿಜಾರಿನಲ್ಲಿ ಮುಂದೆ ಕೂತು ಕಾಲಿನಿಂದಲೇ ಬ್ರೇಕು ಹಾಕುತ್ತಾರೆ. ನಮ್ಮ ವಿಡಿಯೊಗಳಲ್ಲಿ ಮಗು ಸ್ಲೆಜ್ ಮೇಲೆ ನಗುತ್ತಿರುತ್ತದೆ, ಹಗ್ಗವೂ ಕಾಣುತ್ತದೆ. ಹಗ್ಗ ಹಿಡಿದವನು ಮಾತ್ರ ಚೌಕಟ್ಟಿನ ಹೊರಗೆ. ಡಿಸೆಂಬರ್ 21ರಿಂದ ಜನವರಿ ಕೊನೆಯವರೆಗಿನ ಕಡುಚಳಿಯ ನಲವತ್ತು ದಿನಗಳನ್ನು ಕಾಶ್ಮೀರಿಗಳು ‘ಚಿಲ್ಲೆ ಕಲಾನ್’ ಎನ್ನುತ್ತಾರೆ. ಚಿಲ್ಲಾ ಎಂಬ ಮಾತು ಉರ್ದು ಬಲ್ಲವರಿಗೆ ಹೊಸದಲ್ಲ. ಸೂಫಿಗಳು ನಲವತ್ತು ದಿನ ಏಕಾಂತದಲ್ಲಿ ಕೂತು ಮಾಡುವ ಸಾಧನೆಗೂ ಅದೇ ಹೆಸರು. ಒಂದು ಜನಾಂಗ ತನ್ನ ಚಳಿಗಾಲವನ್ನು ತಪಸ್ಸಿನ ಹೆಸರಿನಿಂದ ಕರೆಯುತ್ತದೆ. ಫಿರನ್ನಿನೊಳಗೆ ಕೆಂಡದ ಕಾಂಗಡಿ ಹಿಡಿದು ಆ ದಿನಗಳನ್ನು ಕಳೆಯುತ್ತದೆ. ಆ ಹಿಮವೇ ಕರಗಿ ನದಿಗಳಿಗೆ, ಗದ್ದೆಗೆ, ಸೇಬಿನ ತೋಟಕ್ಕೆ ನೀರಾಗಬೇಕು. 2024ರ ಜನವರಿಯಲ್ಲಿ ಗುಲ್ಮಾರ್ಗಕ್ಕೆ ಹಿಮ ಬೀಳದೆ ಹುಲ್ಲುಗಾವಲು ಬೋಳಾಗಿ ಉಳಿದಾಗ ಪ್ರವಾಸಿಗರಿಗೆ ನಿರಾಶೆಯಾಯಿತು. ಅಲ್ಲಿನವರಿಗೆ ಅದು ನಮ್ಮಲ್ಲಿ ಮಳೆ ಕೈಕೊಟ್ಟ ವರ್ಷದಂತೆ.

ಪ್ರವಾಸ ಕಥನಕ್ಕೆ ಬೇರೆ ದಾರಿಯೂ ಇದೆ. ಹದಿನಾಲ್ಕನೆಯ ಶತಮಾನದ ಇಬ್ನ್ ಬತೂತಾ 1333ರಲ್ಲಿ ಸಿಂಧೂ ನದಿ ತಲುಪುವ ಮುನ್ನ ಹಿಂದೂಕುಶ್ ಪರ್ವತ ದಾಟಿದ. ಒಂಟೆಗಳು ಹಿಮದಲ್ಲಿ ಹೂತುಹೋಗದಂತೆ ಅವುಗಳ ಮುಂದೆ ಕಂಬಳಿ ಹಾಸಿದ್ದನ್ನು ಬರೆದಿದ್ದಾನೆ. ಅಷ್ಟಕ್ಕೇ ನಿಲ್ಲಲಿಲ್ಲ. ಆ ಪರ್ವತಕ್ಕೆ ಆ ಹೆಸರು ಬಂದದ್ದು ಹಿಂದೂಸ್ತಾನದಿಂದ ಒಯ್ಯುತ್ತಿದ್ದ ಗುಲಾಮ ಹುಡುಗ-ಹುಡುಗಿಯರು ಅಲ್ಲಿಯ ಚಳಿ ಮತ್ತು ಹಿಮಕ್ಕೆ ಸಾಯುತ್ತಿದ್ದುದರಿಂದ ಎಂದೂ ದಾಖಲಿಸಿದ. ಹೆಸರಿನ ಆ ವಿವರಣೆ ಸರಿಯೋ ತಪ್ಪೋ ಬೇರೆ ಮಾತು. ಹಿಮ ಕಂಡ ಕೂಡಲೇ ಅದರಲ್ಲಿ ಸತ್ತವರನ್ನು ನೆನೆದನಲ್ಲ, ಅದು ಮುಖ್ಯ. ನಮ್ಮ ಹೊನ್ನಾವರಕ್ಕೆ ಬಂದಾಗಲೂ ಅವನು ಬರೀ ಕಡಲನ್ನು ವರ್ಣಿಸಲಿಲ್ಲ, ಅಲ್ಲಿ ಹೆಣ್ಣುಮಕ್ಕಳಿಗೆ ಎಷ್ಟು ಶಾಲೆಗಳಿವೆ ಎಂದು ಎಣಿಸಿದ. ಆಧುನಿಕ ಉರ್ದುವಿನಲ್ಲಿ ಸಾದತ್ ಹಸನ್ ಮಂಟೋ ಅವರ ‘ಟೇಟ್ವಾಲ್ ಕಾ ಕುತ್ತಾ’ ಕಥೆಯೂ ಹೀಗೆಯೇ. ಸೆಪ್ಟೆಂಬರ್ ಕೊನೆಯ ಹಿತವಾದ ಹವೆ, ಕಾಡುಹೂವು, ಬೆಟ್ಟದ ಚೆಲುವು ಎಲ್ಲ ಅದರಲ್ಲಿದೆ. ಆ ಚೆಲುವಿನ ನಡುವೆಯೇ ಎರಡು ಸೈನ್ಯಗಳ ನಡುವೆ ಸಿಕ್ಕ ಒಂದು ಬೀದಿನಾಯಿ ಗುಂಡಿಗೆ ಬಲಿಯಾಗುತ್ತದೆ. ಬೆಟ್ಟ ಅಲ್ಲಿ ಪರದೆಯಾಗಿಲ್ಲ, ಅದು ಸಾಕ್ಷಿಯಾಗಿದೆ.

ಇದು ಬರೀ ಸಾಹಿತ್ಯದ ರುಚಿಯ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ 26 ಜನರನ್ನು ಕೊಲ್ಲಲಾಯಿತು. ರಜೆಗೆಂದು ಹೆಂಡತಿ-ಮಕ್ಕಳೊಂದಿಗೆ ಹೋದವರನ್ನು ಧರ್ಮ ಕೇಳಿ ಗುಂಡಿಟ್ಟರು. ಸತ್ತವರಲ್ಲಿ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು. ಇದಕ್ಕಿಂತ ಹೇಯವಾದದ್ದು ಇನ್ನೊಂದಿಲ್ಲ, ಇದಕ್ಕೆ ಯಾವ ‘ಆದರೆ’ಯನ್ನೂ ಸೇರಿಸಬಾರದು. ಅದೇ ದಿನ ಅದೇ ಜಾಗದಲ್ಲಿ, ಕುದುರೆಯ ಮೇಲೆ ಪ್ರವಾಸಿಗರನ್ನು ಒಯ್ಯುತ್ತಿದ್ದ ಒಬ್ಬ ಸ್ಥಳೀಯ ಮುಸ್ಲಿಮ್ ಯುವಕ ಅತಿಥಿಗಳನ್ನು ಉಳಿಸಲು ಹೋಗಿ ಸತ್ತ. ಕಣ್ಣೆದುರೇ ಗಂಡನನ್ನು ಕಳೆದುಕೊಂಡ ನಮ್ಮದೇ ರಾಜ್ಯದ ಹೆಣ್ಣುಮಗಳು, ತಮ್ಮನ್ನು ಪಾರು ಮಾಡಿದವರು ಅಲ್ಲಿಯ ಸ್ಥಳೀಯರೇ ಎಂದು ಆ ದುಃಖದಲ್ಲೂ ಹೇಳಿದರು.

ಈ ಎರಡು ಮಾತುಗಳೂ ಒಟ್ಟಿಗೆ ನಮ್ಮ ಊರುಗಳಿಗೆ ತಲುಪಬೇಕಿತ್ತು. ತಲುಪಿದ್ದು ಹೆಚ್ಚಾಗಿ ಮೊದಲನೆಯದು. ಕೆಲವು ಊರುಗಳಲ್ಲಿ ಓದಲು ಬಂದ ಕಾಶ್ಮೀರಿ ವಿದ್ಯಾರ್ಥಿಗಳಿಗೆ, ಶಾಲು ಮಾರುವವರಿಗೆ ಕಿರುಕುಳವಾಯಿತು. ಕಾಶ್ಮೀರ ನೋಡಿ ಬಂದ ಸಾವಿರಾರು ಕುಟುಂಬಗಳು ನಮ್ಮಲ್ಲಿವೆ. ಕುದುರೆ ನಡೆಸಿದವನ, ಸ್ಲೆಜ್ ಎಳೆದವನ, ಮಗುವಿಗೆ ಚಳಿ ಎಂದು ತನ್ನ ಕಾಂಗಡಿ ಕೊಟ್ಟವಳ ಕಥೆಯನ್ನು ಆ ಕುಟುಂಬಗಳು ಮೊದಲೇ ಹೇಳಿದ್ದರೆ, ಸಂಶಯ ಅಷ್ಟು ಸುಲಭವಾಗಿ ಹಬ್ಬುತ್ತಿತ್ತೆ? ಚಿತ್ರದಲ್ಲಿ ಖಾಲಿ ಬಿಟ್ಟ ಜಾಗದಲ್ಲಿ ಯಾರು ಯಾವ ಮುಖವನ್ನಾದರೂ ಬರೆಯಬಹುದು. 2017ರ ಜೂನ್ 25ರಂದು ಗುಲ್ಮಾರ್ಗದ ಗೊಂಡೊಲಾ ತಂತಿಯ ಮೇಲೆ ಮರ ಬಿದ್ದು ಏಳು ಜನ ಸತ್ತರು. ದಿಲ್ಲಿಯ ದಂಪತಿ, ಅವರ ಇಬ್ಬರು ಪುಟ್ಟ ಹೆಣ್ಣುಮಕ್ಕಳು, ಸ್ಥಳೀಯರಾದ ಮೂವರು ಗೈಡುಗಳು. ಅತಿಥಿ-ಆತಿಥೇಯರು ಜೊತೆಗೇ ಹೋದ ಆ ಘಟನೆ ಎಷ್ಟು ಪ್ರವಾಸ ಲೇಖನಗಳಲ್ಲಿ ಬಂದಿದೆ?

ಬರೀ ದೃಶ್ಯವಾಗಿಬಿಡುವುದು ಹೇಗಿರುತ್ತದೆ ಎಂದು ಕೃಷ್ಣಾ ತೀರದ ನಮಗೆ ಬೇರೆಯವರು ಹೇಳಬೇಕಿಲ್ಲ. 2005ರಲ್ಲಿ, 2019ರ ಆಗಸ್ಟ್‌ನಲ್ಲಿ, 2021ರ ಜುಲೈನಲ್ಲಿ ಮಹಾಪೂರ ಬಂದಾಗ ಟಿ.ವಿ.ಯಲ್ಲಿ ನಮ್ಮ ಹಳ್ಳಿಗಳು ನೀರಿನ ನಡುವೆ ತೇಲುವ ಮಾಳಿಗೆಗಳಾಗಿ ಕಂಡವು. ದನ ಬಿಚ್ಚಿ ಬಿಟ್ಟವರು, ಶಾಲೆಯ ವರಾಂಡದಲ್ಲಿ ಹೆತ್ತವರು, ನೆಂದ ಕಾಳು ಒಣಗಿಸಿದವರು ಮೇಲಿನಿಂದ ತೆಗೆದ ಚಿತ್ರದಲ್ಲಿ ಕಾಣಲಿಲ್ಲ. ಅದು ನಮಗೆ ನೋವಾಗಿತ್ತು.

ಹಾಗೆಂದು ನಮ್ಮ ಕಣ್ಣು ನಮ್ಮೂರಿನಲ್ಲಿ ಸರಿಯಾಗಿದೆಯೇ? ಕಾಶ್ಮೀರದಲ್ಲಿ ಚಿಲ್ಲೆ ಕಲಾನ್ ನಡೆದ ಆ ತಿಂಗಳುಗಳಲ್ಲೇ ಕಾಗವಾಡ, ರಾಯಬಾಗ, ಅಥಣಿಯ ಕಬ್ಬಿನ ಹೊಲಗಳಿಗೆ ಬೀಡ್ ಮತ್ತು ವಿಜಯಪುರ ಕಡೆಯಿಂದ ಗ್ಯಾಂಗುಗಳು ಬರುತ್ತವೆ. ಅವರೂ ಎಳೆಯ ಕುಟುಂಬಗಳೇ, ನಾಲ್ಕಾರು ಪರಿಚಿತ ಮನೆಯವರು ಕೂಡಿಯೇ ಬಂದಿರುತ್ತಾರೆ. ಬೀಡ್ ಕಡೆಯ ಲೆಕ್ಕದಲ್ಲಿ ಗಂಡ-ಹೆಂಡತಿಯ ಜೋಡಿ ಸೇರಿ ಒಂದು ‘ಕೊಯ್ತಾ’. ಅಂದರೆ ಕಬ್ಬು ಕಡಿಯುವ ಕತ್ತಿಯ ಹೆಸರೇ ಆ ಇಬ್ಬರಿಗೂ ಸೇರಿ. ಮಗು ತಾಡಪತ್ರಿಯ ಗುಡಿಸಲಿನಲ್ಲಿ ಮಲಗಿರುತ್ತದೆ. ಮುಕಾದಮನ ಹೆಸರು ಗೊತ್ತಿರುವ ಹೊಲದವರಿಗೆ ಕಬ್ಬು ಕಡಿದವರ ಹೆಸರು ಗೊತ್ತಿರುವುದು ಅಪರೂಪ. ಮನೆಯ ಹೊಲದಲ್ಲಿ ಕಾಣದ್ದು ಗುಲ್ಮಾರ್ಗದಲ್ಲಿ ಕಂಡೀತೆಂದು ಹೇಗೆ ನಿರೀಕ್ಷಿಸುವುದು?

ಕಾಣಲು ಸಾಧ್ಯ ಎಂಬುದಕ್ಕೆ ಸಾಕ್ಷಿಯೂ ಈ ನೆಲದಲ್ಲೇ ಇದೆ. 1982ರಲ್ಲಿ ದೀಪಾ ಧನರಾಜ್ ಮತ್ತು ಜೊತೆಗಾರ್ತಿಯರ ‘ಯುಗಾಂತರ್’ ತಂಡ ನಿಪ್ಪಾಣಿಯ ತಂಬಾಕು ಕೆಲಸದ ಹೆಣ್ಣುಮಕ್ಕಳ ಕುರಿತು ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ಅವರೂ ಹೊರಗಿನಿಂದ ಬಂದವರೇ, ಕ್ಯಾಮೆರಾ ಹಿಡಿದೇ ಬಂದವರು. ವಖಾರಿಯ ದೂಳನ್ನು ಅವರು ಮಂಜಿನಂಥ ಚೆಂದದ ಹಿನ್ನೆಲೆಯನ್ನಾಗಿ ಬಳಸಿಕೊಳ್ಳಲಿಲ್ಲ. ಆ ದೂಳಿನಲ್ಲಿ ಉಸಿರಾಡುವವರನ್ನೇ ಮಾತಾಡಲು ಬಿಟ್ಟರು. ತಮ್ಮ ಕೂಲಿ, ತಮ್ಮ ಸಂಘಟನೆಯ ವಿಚಾರ ಹೆಣ್ಣುಮಕ್ಕಳೇ ಹೇಳಿದರು. ನಿಪ್ಪಾಣಿಯನ್ನು ಎಂದೂ ಕಾಣದವರಿಗೂ ಆ ಚಿತ್ರದಿಂದ ನಿಪ್ಪಾಣಿ ಒಂದು ಊರಾಗಿ ಗೊತ್ತಾಯಿತು.

ರಜೆಗೆ ಹೋದ ಕುಟುಂಬ ಸಾಕ್ಷ್ಯಚಿತ್ರ ತೆಗೆಯಬೇಕೆಂದು ನಾವು ಹೇಳುವುದಿಲ್ಲ. ಮಕ್ಕಳು ಹಿಮದಲ್ಲಿ ಆಡಲಿ, ದೊಡ್ಡವರೂ ಜಾರಿ ಬಿದ್ದು ನಗಲಿ. ಈಗ 2025ರ ಜೂನ್‌ನಿಂದ ಕಟ್ರಾದಿಂದ ಶ್ರೀನಗರಕ್ಕೆ ನೇರ ರೈಲು ಬಂದಿದೆ, ಹೋಗುವವರಿಗೆ ದಾರಿ ಇನ್ನಷ್ಟು ಸಲೀಸು. ನಾವು ಕೇಳುವುದು ಸಣ್ಣದು. ಸ್ಲೆಜ್ ಎಳೆದವನ ಹೆಸರು ಕೇಳಿಕೊಳ್ಳಿ. ಅವನ ಊರಲ್ಲಿ ಈ ಸಲ ಹಿಮ ಎಷ್ಟು ಬಿತ್ತು, ಮಕ್ಕಳು ಎಷ್ಟನೆಯ ಇಯತ್ತೆ ಓದುತ್ತಾರೆ ಎಂದು ವಿಚಾರಿಸಿ. ನಮ್ಮ ಕಬ್ಬಿನ ವಿಚಾರ ಅವನಿಗೂ ಹೇಳಿ. ಮರಳಿ ಬಂದು ಪುರವಣಿಗೆ ಬರೆಯುವಾಗ ಹೋಟೆಲಿನ ಬಾಡಿಗೆಯ ಜೊತೆಗೆ ಅವನ ಮಾತಿಗೂ ನಾಲ್ಕು ಸಾಲು ಮೀಸಲಿಡಿ. ಸಂಪಾದಕರೂ ಅಂಥ ಸಾಲುಗಳನ್ನು ಜಾಗ ಸಾಲದೆಂದು ಕತ್ತರಿಸದಿರಲಿ. ಮುಂದಿನ ಹಂಗಾಮಿನಲ್ಲಿ ಹೊಲಕ್ಕೆ ಗ್ಯಾಂಗು ಬಂದಾಗ ಅವರ ಹೆಸರನ್ನೂ ಕೇಳಲು ಆ ಅಭ್ಯಾಸ ನೆರವಾದೀತು.